ಟಿಕೆಟ್ಟಿನ ಒಳಗೆ ಒಣಕಾಲುವೆ, ಹೊರಗೆ ಹರಿಯುವ ನೀರು

ಅಮೆರಿಕದಲ್ಲಿ ನೀವಿರುವ ಊರುಗಳಲ್ಲಿ ಹಳೆಯ ಕಾಲುವೆ ಎಂದರೆ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ಈರಿ ಕಾಲುವೆ 1825ರಲ್ಲಿ ತೆರೆಯಿತು. ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್‌ನಲ್ಲಿ ಅದರ ದೋಣಿಗಳು ಗುಡ್ಡ ಹತ್ತುತ್ತಿದ್ದುದು ಐದು ಲಾಕ್‌ಗಳ ಸಾಲಿನಲ್ಲಿ: ಹಿಂದಿನ ಕದ ಮುಚ್ಚಿ, ನೀರು ತುಂಬಿಸಿ, ದೋಣಿ ಮೇಲೆದ್ದ ಮೇಲೆ ಮುಂದಿನ ಕದ ತೆರೆಯುವುದು. ಆ ಹಳೆಯ ಸಾಲನ್ನು ಕಾಪಿಟ್ಟು ಈಗ ಬಂದವರಿಗೆ ತೋರಿಸುತ್ತಾರೆ.

ನಮ್ಮ ಕಡೆ ಅಂಥದ್ದೇನಿದೆ ಎಂದು ಕೇಳಿದರೆ ನಾನು ಹಂಪಿ ಎನ್ನುತ್ತೇನೆ. ಕಲ್ಲಿನ ರಥ ನೋಡುವ ಅವಸರದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದು ಅಲ್ಲಿದೆ: ಈ ಬಂಡೆಗಳ ಕಾಡಿನಲ್ಲಿ ಅಷ್ಟು ದೊಡ್ಡ ಊರು ಕುಡಿದದ್ದು ಏನನ್ನು?

ಅರಮನೆಯ ಆವರಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಪುಷ್ಕರಣಿಯೊಂದಿದೆ. 1980ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದು ತೆಗೆಯುವವರೆಗೆ ಅದು ಮಣ್ಣಿನಡಿಯಲ್ಲಿತ್ತು. ಸುತ್ತಲಿನದು ಹೆಚ್ಚಾಗಿ ಕಣಶಿಲೆ, ಇದು ನುಣುಪಾದ ಕಪ್ಪುಗಲ್ಲು. ಬಗ್ಗಿ ನೋಡಿದರೆ ಕಲ್ಲುಗಳ ಮೇಲೆ ಕನ್ನಡ ಅಕ್ಷರಗಳ ಗುರುತು: ಯಾವ ದಿಕ್ಕು, ಎಷ್ಟನೇ ಸಾಲು ಎಂದು. ಬೇರೆ ಕಡೆ ಕೆತ್ತಿ, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ್ದು. ನಿಮ್ಮ ಮನೆಗೆ ಡಬ್ಬಿಯಲ್ಲಿ ಬರುವ ಬೀರುವಿನ ಹಲಗೆಗಳಿಗೂ ಇಂಥದೇ ಗುರುತು ಇರುತ್ತದಲ್ಲ! ಪಕ್ಕದಲ್ಲಿ ಕಂಬಗಳ ಮೇಲೆ ಉದ್ದಕ್ಕೆ ಸಾಗಿದ ಕಲ್ಲಿನ ದೋಣಿಗಾಲುವೆ. ಈ ಆವರಣದ ಕೊಳಗಳಿಗೆ ನೀರು ಬರುತ್ತಿದ್ದ ದಾರಿ ಅದು. ಈಗ ಅದರಲ್ಲಿ ಒಣಗಿದ ಎಲೆ ಬಿದ್ದಿರುತ್ತದೆ.

ಸ್ವಲ್ಪ ದೂರದಲ್ಲಿ ಇನ್ನೊಂದು ಸಣ್ಣ ಕಾಲುವೆ. ಎರಡೂ ದಂಡೆಗೆ ಸಾಲಾಗಿ ಕಲ್ಲಿನ ತಟ್ಟೆಗಳು, ಪಲ್ಯಕ್ಕೆ ಕೋಸಂಬರಿಗೆ ಬೇರೆ ಬೇರೆ ಗುಳಿ ತೋಡಿದಂಥವು. ಸೈನಿಕರ ಊಟದ ಮನೆ ಎಂದು ಗೈಡುಗಳು ಹೇಳುತ್ತಾರೆ. ಉಂಡವರು ಯಾರೇ ಆಗಿರಲಿ, ಕೈ ತೊಳೆಯಲು ಎದ್ದು ಹೋಗಬೇಕಿರಲಿಲ್ಲ.

ಇಷ್ಟು ನೋಡಿ ವಾಪಸಾದರೆ ಅರ್ಧ ನೋಡಿದ ಹಾಗೆ. ವಿಜಯನಗರದವರು ತುಂಗಭದ್ರೆಯನ್ನು ಎದುರು ಹಾಕಿಕೊಳ್ಳಲಿಲ್ಲ. ನದಿಯಲ್ಲಿದ್ದ ಬಂಡೆ, ನಡುಗಡ್ಡೆಗಳನ್ನೇ ಆಸರೆ ಮಾಡಿಕೊಂಡು ನಡುನಡುವೆ ಕಲ್ಲು ಪೇರಿಸಿ ತಗ್ಗು ಅಣೆಗಳನ್ನು ಕಟ್ಟಿದರು. ಮಳೆಗಾಲದ ಹೊಳೆ ಮೇಲಿಂದ ಹಾರಿ ಹೋಗುತ್ತದೆ, ತಡೆದಷ್ಟು ನೀರು ಪಕ್ಕದ ಕಾಲುವೆಗೆ ತಿರುಗುತ್ತದೆ. ತುರ್ತಾ ಕಾಲುವೆ ಹಾಗೆ ಹೊರಟದ್ದು. ದೇವಸ್ಥಾನಗಳ ಗುಡ್ಡಕ್ಕೂ ಅರಮನೆಗೂ ನಡುವಿನ ತಗ್ಗಿನಲ್ಲಿ ಅದು ಇವತ್ತಿಗೂ ಭತ್ತ, ಬಾಳೆಗಳಿಗೆ ನೀರುಣಿಸುತ್ತದೆ. ಬಸವಣ್ಣ ಕಾಲುವೆ ಕೃಷ್ಣದೇವರಾಯನ ಕಾಲದ್ದು, 1521ರದ್ದು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಅದೇ ರಾಯ ಹೊಸಪೇಟೆಯ ಬಳಿ ಎರಡು ಗುಡ್ಡಗಳ ನಡುವೆ ಕೆರೆ ಕಟ್ಟಿಸುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಣ್ಣಾರೆ ಕಂಡ. ಹದಿನೈದು, ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡಿದ್ದರಂತೆ. ಏರಿ ಎರಡು ಮೂರು ಸಲ ಒಡೆಯಿತೆಂದೂ, ಆಗ ನರಬಲಿ ಕೊಟ್ಟರೆಂದೂ ಅವನೇ ಬರೆದಿದ್ದಾನೆ. ವೈಭವದ ಭಾಷಣಗಳಲ್ಲಿ ಈ ಪುಟವನ್ನು ಮಗುಚಿಬಿಡುತ್ತಾರೆ. ಆ ಏರಿ ಕಟ್ಟಿದ ಕೂಲಿಗಳ ಬಗ್ಗೆ ನಮಗೆ ಉಳಿದದ್ದೇ ಕಡಿಮೆ, ಇದನ್ನಾದರೂ ಓದಬೇಡವೇ?

1565ರಲ್ಲಿ ರಕ್ಕಸತಂಗಡಿ ಯುದ್ಧವಾಗಿ ಪಟ್ಟಣ ಹಾಳುಬಿತ್ತು. ಗದ್ದೆಯವರಿಗೆ ಮಾತ್ರ ಮುಂದಿನ ಬೆಳೆಗೂ ನೀರು ಬೇಕಿತ್ತು. ಕಾಲುವೆಗಳು ಉಳಿದದ್ದು ಆ ಗರಜಿನಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ಬಸವಣ್ಣ ಕಾಲುವೆಯ ಹಳೆಯ ಅಣೆ ಹಿನ್ನೀರಿನಲ್ಲಿ ಮುಳುಗಿತು. ಈಗ ಅದಕ್ಕೆ ನೀರು ಜಲಾಶಯದಿಂದಲೇ ಸಿಗುತ್ತದೆ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಊರಿಗೆ ಬಂದಾಗ ಕಮಲಾಪುರದ ಮ್ಯೂಸಿಯಂ ನೋಡಿ, ಪುಷ್ಕರಣಿಯನ್ನೂ ನೋಡಿ. ಆಮೇಲೆ ಬಾಳೆತೋಟಗಳ ನಡುವಿನ ಕಾಲುವೆ ಏರಿಯ ಮೇಲೆ ಒಂದಿಷ್ಟು ನಡೆಯಿರಿ. ಅಲ್ಲಿ ಗೇಟಿಲ್ಲ, ಫಲಕವಿಲ್ಲ. ಪಂಚೆ ಎತ್ತಿ ಕಟ್ಟಿದ ಯಾರೋ ಒಬ್ಬರು ಸನಿಕೆಯಲ್ಲಿ ಮಣ್ಣೆಳೆದು ಒಂದು ಮಡಿಯ ಬಾಯಿ ಮುಚ್ಚಿ, ಪಕ್ಕದ ಮಡಿಯ ಬಾಯಿ ಬಿಡಿಸುತ್ತಿರುತ್ತಾರೆ. ಅಡ್ಡ ನಿಂತರೆ, ಕಾಲು ತೆಗೀರಿ ಎನ್ನುತ್ತಾರೆ.