ಗಡಿಯಾರ ಬಲ್ಲದ್ದು, ಕಾಗದ ಅರಿಯದ್ದು

ವಯಸ್ಸಾದವರ ಓಟದ ಚರಿತ್ರೆ ಓದುವಾಗಲೆಲ್ಲ ನನಗೆ ಕೆನಡಾದ ಟೊರಾಂಟೊ ಎದುರಾಗುತ್ತದೆ. ಹಿರಿಯರ ಮೊದಲ ವಿಶ್ವ ಅಥ್ಲೆಟಿಕ್ಸ್ ಕೂಟ 1975ರಲ್ಲಿ ನಡೆದದ್ದು ಅಲ್ಲೇ. ಈ ಕ್ರೀಡೆಯಲ್ಲಿ ಐದೈದು ವರ್ಷಕ್ಕೊಂದು ಗುಂಪು. ಎಪ್ಪತ್ತರವರ ಪೈಪೋಟಿ ಎಪ್ಪತ್ತರವರ ಜೊತೆ. ಹಾಗಾಗಿ ಇಲ್ಲಿ ಗಡಿಯಾರದಷ್ಟೇ ಹುಟ್ಟಿದ ತಾರೀಖೂ ಮುಖ್ಯ.

2003ರಲ್ಲಿ ಅದೇ ಊರಿನ ಮ್ಯಾರಥಾನ್. ಎಡ್ ವಿಟ್‌ಲಾಕ್ ಎಂಬ 72ರ ಅಜ್ಜ 42 ಕಿಲೋಮೀಟರನ್ನು 2 ಗಂಟೆ 59 ನಿಮಿಷದಲ್ಲಿ ಮುಗಿಸಿದರು. ಎಪ್ಪತ್ತು ದಾಟಿದವರೊಬ್ಬರು ಮೂರು ಗಂಟೆಯೊಳಗೆ ಓಡಿದ್ದು ಅದೇ ಮೊದಲು. ಮರುವರ್ಷ ಇನ್ನೂ ಚುರುಕು, 2 ಗಂಟೆ 54 ನಿಮಿಷ. ಮನೆ ಹತ್ತಿರದ ಸ್ಮಶಾನದ ದಾರಿಯಲ್ಲಿ ಗಂಟೆಗಟ್ಟಲೆ ಸುತ್ತುವುದೇ ಅವರ ತಾಲೀಮು! ಆದರೆ 2016ರಲ್ಲಿ, 85ನೇ ವಯಸ್ಸಿನಲ್ಲಿ, ಅವರಿಗೆ ಹಿಡಿದದ್ದು 3 ಗಂಟೆ 56 ನಿಮಿಷ. ಹನ್ನೆರಡು ವರ್ಷ ಒಂದು ಗಂಟೆಯನ್ನು ತಿಂದುಹಾಕಿತ್ತು.

ಯಾಕೆ ಹೀಗೆ? ಎಷ್ಟೇ ಓಡಿದರೂ ಹೃದಯದ ಗರಿಷ್ಠ ಬಡಿತ ವರ್ಷ ಕಳೆದಂತೆ ತಗ್ಗುತ್ತದೆ. ಮೈಗೆ ಸಿಗುವ ಆಮ್ಲಜನಕವೂ ಕಮ್ಮಿಯಾಗುತ್ತದೆ. ಸ್ನಾಯು ಕರಗುತ್ತದೆ, ಅದರಲ್ಲೂ ವೇಗ ಕೊಡುವ ಎಳೆಗಳು ಹೆಚ್ಚು ಸೊರಗುತ್ತವೆ. ಅಭ್ಯಾಸ ಇದನ್ನು ನಿಧಾನ ಮಾಡೀತು, ತಡೆಯಲಾರದು.

ಅದೇ 2003, ಅದೇ ಟೊರಾಂಟೊ. ಪಂಜಾಬಿನ ಹಳ್ಳಿಯಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ 5 ಗಂಟೆ 40 ನಿಮಿಷದಲ್ಲಿ ಓಡಿದರು. ಪಾಸ್‌ಪೋರ್ಟ್ ಪ್ರಕಾರ ಆಗ ಅವರಿಗೆ 92. ಅದೇ ಲೆಕ್ಕದಲ್ಲಿ ನೂರು ತುಂಬಿದ ಮೇಲೆ, 2011ರ ಅಕ್ಟೋಬರಿನಲ್ಲಿ, ಅದೇ ಊರಲ್ಲಿ ಮತ್ತೊಮ್ಮೆ ಮ್ಯಾರಥಾನ್ ಮುಗಿಸಿದರು. ಈ ಸಲ ಎಂಟು ಗಂಟೆಗೂ ಮೇಲೆ. ಆದರೆ ಗಿನ್ನೆಸ್ ಅದನ್ನು ದಾಖಲೆ ಅಂತ ಒಪ್ಪಲಿಲ್ಲ. ಪಾಸ್‌ಪೋರ್ಟಿನಲ್ಲಿ 1911ರ ಏಪ್ರಿಲ್ 1 ಅಂತಿತ್ತು, ಬ್ರಿಟನ್ನಿನ ರಾಣಿಯಿಂದ ನೂರರ ಶುಭಾಶಯ ಪತ್ರವೂ ಬಂದಿತ್ತು. ಅವರು ಕೇಳಿದ್ದು ಹುಟ್ಟಿದಾಗಿನ ಜನನ ಪತ್ರ. ಆ ಕಾಲದಲ್ಲಿ ಜನನ ದಾಖಲೆ ಇಡುತ್ತಿರಲಿಲ್ಲ ಅಂತ ಭಾರತದ ಅಧಿಕಾರಿಗಳು ಬರೆದುಕೊಟ್ಟರೂ ಪ್ರಯೋಜನವಾಗಲಿಲ್ಲ.

ಗಿನ್ನೆಸ್‌ನವರನ್ನೇ ಬೈದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ವಯಸ್ಸೇ ದಾಖಲೆಯಾದಾಗ ವಯಸ್ಸಿಗೆ ಸಾಕ್ಷಿ ಬೇಕು, ನಿಜ. ನಮ್ಮ ಕಡೆಯಂತೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ ಒಂದೇ ಎಷ್ಟೋ ಜನರ ಜನ್ಮದಿನ! ಆದರೆ ಈ ನಿಯಮದಲ್ಲಿ ಮುದಿತನವೂ ಕಾಗದ ಇಟ್ಟುಕೊಂಡ ದೇಶಗಳ ಸೊತ್ತಾಗಿಬಿಡುತ್ತದೆ ನೋಡಿ. ಬ್ರಿಟಿಷರ ಆಳ್ವಿಕೆಯಲ್ಲಿ ಯಾವುದೋ ಹಳ್ಳಿಯಲ್ಲಿ ಹುಟ್ಟಿದವರು ಎಲ್ಲಿಂದ ತರಬೇಕು ಪತ್ರ?

ಜನನ ಪತ್ರವಿಲ್ಲದೆಯೂ ಹೇಳಬಹುದಾದ ಒಂದು ಮಾತಿದೆ. ಫೌಜಾ ಸಿಂಗ್ ಹುಟ್ಟಿದ್ದು ಯಾವಾಗಲಾದರೂ ಆಗಲಿ, 2003ರಿಂದ 2011ಕ್ಕೆ ಎಂಟೇ ವರ್ಷ. ಅಷ್ಟರಲ್ಲಿ ಅವರ ಓಟ ಎರಡೂವರೆ ಗಂಟೆ ನಿಧಾನವಾಯಿತು. ಎರಡೂ ಸಲ ಗಡಿಯಾರ ಅಳೆದಿದೆ. ವಯಸ್ಸು ಅವರ ಮೈಮೇಲೆ ಏನು ಮಾಡಿತು ಅನ್ನೋದಕ್ಕೆ, ಅಷ್ಟಾದರೂ ಅವರು ಗೆರೆ ದಾಟಿದರು ಅನ್ನೋದಕ್ಕೆ, ನನಗೆ ಆ ಸಾಕ್ಷಿ ಸಾಕು.