ಬೆಳಕು ಸಾಲದ ಹೊತ್ತು

ಫ್ರಾನ್ಸಿನ ಗುಸ್ತಾವ್ ಲ ಗ್ರೇ ತೆಗೆದ ಒಂಟಿ ಹಡಗಿನ ಚಿತ್ರ 1856ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂದಾಗ ಅನೇಕರು ಅದನ್ನು ಬೆಳದಿಂಗಳ ದೃಶ್ಯವೆಂದೇ ನಂಬಿದರು. ಅದು ಹಗಲಿನದು. ಮೋಡದ ಹಿಂದಿನ ಸೂರ್ಯನಿಗೆ ಕ್ಯಾಮೆರಾ ಎದುರು ಮಾಡಿ, ಗಾಜಿನ ಫಲಕಕ್ಕೆ ಕ್ಷಣಮಾತ್ರ ಬೆಳಕು ಬಿಟ್ಟಿದ್ದರಿಂದ ಹಗಲು ಇರುಳಿನಂತೆ ಕಂಡಿತ್ತು. ಮುಸ್ಸಂಜೆಯ ಛಾಯಾಗ್ರಹಣದ ಚರಿತ್ರೆ ಒಂದು ಸುಳ್ಳು ಸಂಜೆಯಿಂದಲೇ ಶುರುವಾಯಿತು ಎನ್ನಬಹುದು.

ಆಗ ಬೇರೆ ದಾರಿಯೂ ಇರಲಿಲ್ಲ. ಕೊಲೋಡಿಯನ್ ಬಳಿದ ಫಲಕಕ್ಕೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಸಂಜೆಯ ಕೆಂಪು ಮಾತ್ರ ಕಾಣುತ್ತಲೇ ಇರಲಿಲ್ಲ. ಅದೇ 1856ರಲ್ಲಿ ಹಂಪಿಯ ಅವಶೇಷಗಳನ್ನು ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದು ಇನ್ನೂ ಮಂದ, ಒಳ್ಳೆಯ ಬಿಸಿಲಿನಲ್ಲೂ ನಿಮಿಷಗಟ್ಟಲೆ ಕಾಯಬೇಕು. ಇಂದು ಸೂರ್ಯಾಸ್ತಕ್ಕೆಂದು ಜನ ಹೇಮಕೂಟದ ಬಂಡೆಗಳ ಮೇಲೆ ಜಾಗ ಹಿಡಿದು ಕೂರುತ್ತಾರೆ. ಗ್ರೀನ್‌ಲಾನಿಗೆ ಅದು ಸಾಮಾನು ಕಟ್ಟುವ ಹೊತ್ತಾಗಿದ್ದಿರಬೇಕು.

1871ರಲ್ಲಿ ಬಂದ ಒಣ ಫಲಕ ಕೆಲಸವನ್ನು ಹಗುರ ಮಾಡಿತು. 1904ರಲ್ಲಿ ಎಡ್ವರ್ಡ್ ಸ್ಟೈಖೆನ್ ನ್ಯೂಯಾರ್ಕ್ ಸಮೀಪದ ಕೊಳವೊಂದನ್ನು ಮರಗಳ ನಡುವಿನ ಚಂದ್ರನ ಸಮೇತ ಹಿಡಿದ. ಅದರ ಒಂದು ಪ್ರತಿ 2006ರ ಹರಾಜಿನಲ್ಲಿ 29 ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು. ಆದರೆ ಇನ್ನೊಂದು ತೊಡಕು ಉಳಿದೇ ಇತ್ತು. ಬೆಳಕು ಅರ್ಧವಾದರೆ ಹೊತ್ತು ಎರಡು ಪಟ್ಟು ಮಾಡಿದರೆ ಸಾಕು ಎಂಬ ಲೆಕ್ಕ ಕತ್ತಲಲ್ಲಿ ಕೈಕೊಡುತ್ತದೆ, ಫಲಕ ಬರಬರುತ್ತಾ ಸೋಮಾರಿಯಾಗುತ್ತದೆ. ನಕ್ಷತ್ರಗಳನ್ನು ಚಿತ್ರಿಸುತ್ತಾ ಇದನ್ನು ಅಳೆದು ಸೂತ್ರಕ್ಕಿಳಿಸಿದವನು ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್. ಮುಂದೆ ಕಪ್ಪುಕುಳಿಯ ಗಣಿತದಲ್ಲಿ ಹೆಸರಾದವನೂ ಇವನೇ.

ಮುಸ್ಸಂಜೆಯ ಚಿತ್ರಗಳಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಆನ್ಸೆಲ್ ಆಡಮ್ಸ್ ತೆಗೆದ ಹರ್ನಾಂಡೆಸ್ ಹಳ್ಳಿಯ ಚಂದ್ರೋದಯ. ನ್ಯೂ ಮೆಕ್ಸಿಕೋದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬರುತ್ತಿದ್ದವನಿಗೆ ಗೋರಿಗಳ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು ಕಂಡಿತು. ಗಡಿಬಿಡಿಯಲ್ಲಿ ಬೆಳಕಿನ ಮೀಟರು ಸಿಗಲಿಲ್ಲ. ಚಂದ್ರನ ಹೊಳಪು ಚದರಡಿಗೆ 250 ಕ್ಯಾಂಡಲ್ ಎಂಬುದು ನೆನಪಿನಲ್ಲಿತ್ತು, ಅದರ ಮೇಲೆ ಲೆಕ್ಕ ಹಾಕಿ ಒಂದು ಸೆಕೆಂಡು ಬೆಳಕು ಬಿಟ್ಟ. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಗಿತ್ತು. ತೆಗೆದ ದಿನವೂ ಆಡಮ್ಸ್‌ಗೆ ಸರಿಯಾಗಿ ನೆನಪಿರಲಿಲ್ಲ. ಚಂದ್ರನ ಸ್ಥಾನ ಹಿಡಿದು ಲೆಕ್ಕ ಹಾಕಿದ ಖಗೋಳ ಆಸಕ್ತರು ಕೊನೆಗೆ 1941ರ ನವೆಂಬರ್ 1, ಸಂಜೆ 4.49 ಎಂದು ನಿಶ್ಚಯಿಸಿದರು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಹೆಚ್ಚು ಕುತೂಹಲದ ಭಾಗ ಇರುವುದು ಕತ್ತಲಕೋಣೆಯಲ್ಲಿ. ಮೊದಮೊದಲ ಪ್ರತಿಗಳಲ್ಲಿ ಆಕಾಶ ಬೂದು, ಮೇಲ್ಗಡೆ ತೆಳುಮೋಡಗಳೂ ಕಾಣುತ್ತವೆ. 1948ರಲ್ಲಿ ಆಡಮ್ಸ್ ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದ. ಮುಂದಿನ ಮುದ್ರಣಗಳಲ್ಲಿ ಆಕಾಶ ಕಪ್ಪಾಗುತ್ತಾ ಹೋಯಿತು. ಒಂದೇ ಸೆಕೆಂಡಿನ ಸಂಜೆಗೆ ಪೂರ್ತಿ ಕತ್ತಲಾಗಲು ದಶಕಗಳು ಹಿಡಿದವು.

ಬಣ್ಣದ ಫಿಲ್ಮ್ ಬಂದ ಮೇಲೆ ಗಮನ ‘ನೀಲಿ ಹೊತ್ತಿ’ನತ್ತ ಸರಿಯಿತು. ಸೂರ್ಯ ಮುಳುಗಿದ ಮೇಲೆ ನೆತ್ತಿಯಲ್ಲಿ ಉಳಿಯುವ ಆ ನೀಲಿಗೆ ಮುಖ್ಯ ಕಾರಣ ಓಝೋನ್ ಎಂದು 1953ರಲ್ಲಿ ಭೌತವಿಜ್ಞಾನಿ ಹಲ್ಬರ್ಟ್ ತೋರಿಸಿಕೊಟ್ಟ: ವಾತಾವರಣದಲ್ಲಿ ಓರೆಯಾಗಿ ಬಹುದೂರ ಸಾಗುವ ಬೆಳಕಿನ ಕಿತ್ತಳೆ ಭಾಗವನ್ನು ಅದು ಹೀರುತ್ತದೆ. ನಾರ್ವೆಯ ಬೇಸಿಗೆಯಲ್ಲಿ ಈ ಹೊತ್ತು ಗಂಟೆಗಟ್ಟಲೆ ಇರುತ್ತದೆ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ, ದಿಗಂತಕ್ಕಿಂತ 6 ಡಿಗ್ರಿ ಕೆಳಗೆ ಹೋಗಲು ಇಪ್ಪತ್ತೆರಡು ನಿಮಿಷದ ಆಸುಪಾಸು ಸಾಕು. ಅಷ್ಟರಲ್ಲಿ ಬೆಳಕು ನೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿದಿರುತ್ತದೆ. 1990ರಲ್ಲಿ ಬಂದ ಫ್ಯೂಜಿ ವೆಲ್ವಿಯಾ ಫಿಲ್ಮಿನ ವೇಗ, ಎಂದರೆ ಬೆಳಕು ಹಿಡಿಯುವ ಐಎಸ್ಓ ಸಂಖ್ಯೆ, ಬರೀ 50. ದೃಶ್ಯಚಿತ್ರಕಾರರು ಅದರ ಬಣ್ಣಕ್ಕೆ ಮರುಳಾದರು, ಟ್ರೈಪಾಡ್ ಹೊತ್ತರು, ಹೆಚ್ಚು ಹೊತ್ತು ತೆರೆದಿಟ್ಟರೆ ಇಣುಕುವ ಹಸಿರು ಛಾಯೆಯನ್ನೂ ಸಹಿಸಿಕೊಂಡರು.

ಡಿಜಿಟಲ್ ಸಂವೇದಕ ಈ ಸಹನೆಯನ್ನೇ ಅನಗತ್ಯ ಮಾಡಿತು. 2007ರ ನಿಕಾನ್ ಡಿ3ಯಲ್ಲಿ ಐಎಸ್ಓ 6400, ಎಳೆದರೆ 25,600; 2014ರ ಸೋನಿ ಎ7ಎಸ್‌ನಲ್ಲಿ 4,09,600. ಹೀಗೆ ಸಂಖ್ಯೆಗಳ ಪೈಪೋಟಿ ನಡೆಯುತ್ತಿರುವಾಗಲೇ 2018ರ ನವೆಂಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ‘ನೈಟ್ ಸೈಟ್’ ಕೊಟ್ಟಿತು. ಕೈಯಲ್ಲಿ ಹಿಡಿದೇ ಹದಿನೈದರವರೆಗೆ ಚಿತ್ರ ತೆಗೆದು, ಒಂದರ ಮೇಲೊಂದು ಜೋಡಿಸಿ, ಚುಕ್ಕೆಚುಕ್ಕೆಯ ಗದ್ದಲವನ್ನು ಸರಾಸರಿಯಲ್ಲಿ ಕರಗಿಸುವ ಉಪಾಯ ಅದು. ಆಗ ಹುಟ್ಟಿದ್ದು ತೀರ ಹೊಸ ಸಮಸ್ಯೆ: ರಾತ್ರಿಯ ಚಿತ್ರ ಮಧ್ಯಾಹ್ನದಂತೆ ಕಾಣತೊಡಗಿತು. ಪರಿಹಾರಕ್ಕೆ ಗೂಗಲ್‌ನ ಮಾರ್ಕ್ ಲೆವಾಯ್ ತಂಡ ನೆನೆದದ್ದು ಹದಿನೆಂಟನೆಯ ಶತಮಾನದ ಚಿತ್ರಕಾರ, ಡರ್ಬಿಯ ಜೋಸೆಫ್ ರೈಟನನ್ನು. ಅವನ ದೀಪದ ಬೆಳಕಿನ ಚಿತ್ರದಲ್ಲಿ ಅಚ್ಚ ಬಿಳಿಯಿಂದ ಅಚ್ಚ ಕಪ್ಪಿನವರೆಗೆ ಎಲ್ಲ ಬಣ್ಣವೂ ಇದೆ, ಆದರೂ ಕೋಣೆ ಕತ್ತಲೆಂದೇ ತೋರುತ್ತದೆ. ಲ ಗ್ರೇ ಕತ್ತಲನ್ನು ನಟಿಸಬೇಕಾಗಿತ್ತು. ಫೋನಿಗೆ ಕತ್ತಲನ್ನು ಕಲಿಸಬೇಕಾಯಿತು.

ಇಷ್ಟಾದರೂ ಗಡಿಯಾರದ ಕೆಲಸ ತಪ್ಪಿಲ್ಲ. ಮೈಸೂರು ಅರಮನೆಯ ಒಂದು ಲಕ್ಷದ ಸಮೀಪದ ಬಲ್ಬುಗಳು ಭಾನುವಾರಗಳಂದು ಸಂಜೆ ಏಳರ ಸುಮಾರಿಗೆ ಹೊತ್ತಿಕೊಳ್ಳುತ್ತವೆ. ದಸರೆಯ ಕಾಲಕ್ಕೆ ಸೂರ್ಯ ಆರು ಗಂಟೆ ದಾಟಿದೊಡನೆ ಮುಳುಗುವುದರಿಂದ ಏಳರ ಹೊತ್ತಿಗೆ ಗೋಪುರಗಳ ಹಿಂದೆ ಬರೀ ಕಪ್ಪು. ದೀಪವೂ ನೀಲಿ ಆಕಾಶವೂ ಒಟ್ಟಿಗೆ ಬೇಕೆನ್ನುವವರು ಸೂರ್ಯಾಸ್ತ ಏಳರ ಹತ್ತಿರಕ್ಕೆ ಬರುವ ಜೂನ್, ಜುಲೈಗೆ ಕಾಯುತ್ತಾರೆ. ಆಗ ಮಳೆಗಾಲ.