ಯಾರೂ ಬೇಡವೆಂಬ ಮತದ ಇತಿಹಾಸ

ಲೋಕಸಭೆಯ ಚುನಾವಣೆ ಬಂತೆಂದರೆ ನಮ್ಮ ಸಂಘದ ಕಟ್ಟಡದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ನಿಂತವರಲ್ಲಿ ಯಾರೂ ಸರಿಯಿಲ್ಲ, ಯಾರಿಗೆಂದು ಮತ ಹಾಕುವುದು?" ಹೀಗೆಂದು ಆ ದಿನ ಮನೆಯಲ್ಲೇ ಉಳಿಯುವ ಮಹನೀಯರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಅಸಮಾಧಾನ ನಿಜವಲ್ಲವೆಂದು ನಾನು ಹೇಳಲಾರೆ. ಆದರೆ ಬ್ಯಾಂಕಿನಲ್ಲಿ ಲೆಕ್ಕ ಬರೆದು ಜೀವಿಸುವ ನನಗೆ ಒಂದು ಸಂಗತಿ ಗೊತ್ತು. ಲೆಡ್ಜರಿನಲ್ಲಿ ಖಾಲಿ ಬಿಟ್ಟ ಅಂಕಣಕ್ಕೂ ಸೊನ್ನೆ ಬರೆದ ಅಂಕಣಕ್ಕೂ ಬಹಳ ಅಂತರವಿದೆ. ಮೊದಲನೆಯದು ಮರೆವೋ, ಸೋಮಾರಿತನವೋ, ಸಿಟ್ಟೋ ಯಾರಿಗೂ ತಿಳಿಯದು. ಎರಡನೆಯದು ಲೆಕ್ಕ. "ಯಾರೂ ಬೇಡ" ಎಂಬ ಅಭಿಪ್ರಾಯವು ಖಾಲಿ ಅಂಕಣದಿಂದ ಲೆಕ್ಕದ ಅಂಕಣಕ್ಕೆ ಬರಲು ನಮ್ಮ ದೇಶದಲ್ಲಿ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ನನ್ನ ಉದ್ದೇಶ.

೧೯೫೧-೫೨ರ ಪ್ರಥಮ ಮಹಾಚುನಾವಣೆಯಲ್ಲಿ ಹದಿನೇಳು ಕೋಟಿಗೂ ಮಿಕ್ಕಿ ಮತದಾರರಿದ್ದರು. ಅವರಲ್ಲಿ ಬಹುಮಂದಿಗೆ ಅಕ್ಷರಜ್ಞಾನವಿರಲಿಲ್ಲ. ಆದುದರಿಂದ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರ ವ್ಯವಸ್ಥೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಅವನ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದವು. ತನಗೆ ಒಪ್ಪಿಗೆಯಾದವನ ಪೆಟ್ಟಿಗೆಯೊಳಗೆ ಚೀಟಿ ಹಾಕಿದರೆ ಮತದಾನ ಮುಗಿಯಿತು. ಯಾರನ್ನೂ ಒಪ್ಪದವನಿಗೆ ಮಾತ್ರ ಪೆಟ್ಟಿಗೆ ಇರಲಿಲ್ಲ.

೧೯೬೨ರ ಮಹಾಚುನಾವಣೆಯ ಹೊತ್ತಿಗೆ ಎಲ್ಲ ಹೆಸರುಗಳೂ ಒಂದೇ ಮತಪತ್ರದ ಮೇಲೆ ಬಂದು, ಮುದ್ರೆಯೊತ್ತುವ ಪದ್ಧತಿ ಬಳಕೆಗೆ ಬಂತು. ನಮ್ಮ ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ದೇಶದ ಮತದಾರರ ಬೆರಳಿಗೆ ಹತ್ತಿದ್ದೂ ಆ ಚುನಾವಣೆಯಲ್ಲೇ. ಈಗ ಯಾರೂ ಬೇಡವೆನ್ನುವವನು ಮುದ್ರೆಯೊತ್ತದೆ ಚೀಟಿಯನ್ನು ಮಡಿಸಿ ಹಾಕಬಹುದಾಗಿತ್ತು. ಗುಟ್ಟು ಉಳಿಯುತ್ತಿತ್ತು, ಆದರೆ ಅರ್ಥ ಉಳಿಯುತ್ತಿರಲಿಲ್ಲ. ಎಣಿಕೆಯ ಮೇಜಿನ ಮೇಲೆ ಅವನ ಚೀಟಿಯೂ, ಕೈನಡುಗಿ ಇಬ್ಬರಿಗೆ ಮುದ್ರೆಯೊತ್ತಿದ ಅಜ್ಜಿಯ ಚೀಟಿಯೂ ತಿರಸ್ಕೃತ ಮತಗಳ ಒಂದೇ ರಾಶಿಗೆ ಸೇರುತ್ತಿದ್ದವು.

ಹೀಗೆ ದನಿಯಿಲ್ಲದ ಜನ ೧೯೯೬ರಲ್ಲಿ ಬೇರೊಂದು ದಾರಿ ಹಿಡಿದರು. ನಮ್ಮ ಹೈದರಾಬಾದಿಗೆ ಸಮೀಪದ ನಲ್ಲಗೊಂಡದ ರೈತರು ಫ್ಲೋರೈಡ್ ವಿಷದ ನೀರು ಕುಡಿದು ಬೇಸತ್ತು, ಲೋಕಸಭೆಗೆ ತಾವೇ ನಿಂತರು. ಕಣದಲ್ಲಿ ಉಳಿದವರು ೪೮೦ ಜನ! ಅದೇ ವರ್ಷ ಬೆಳಗಾವಿಯಲ್ಲಿ ಗಡಿತಂಟೆಯ ಹೆಸರಿನಲ್ಲಿ ೪೫೬ ಜನ ಸ್ಪರ್ಧಿಸಿದರು. ಬೆಳಗಾವಿಯ ಬೇಡಿಕೆಯನ್ನು ಕನ್ನಡಿಗರಾದ ನಾವು ಒಪ್ಪುವವರಲ್ಲವಾದರೂ ಉಪಾಯ ಅದೇ ಎಂಬುದನ್ನು ಗಮನಿಸಬೇಕು. ಸರಕಾರ ಆ ವರ್ಷವೇ ಕಾಯಿದೆಯನ್ನು ತಿದ್ದಿತು. ೫೦೦ ರೂಪಾಯಿ ಇದ್ದ ಲೋಕಸಭೆಯ ಠೇವಣಿ ೧೦,೦೦೦ಕ್ಕೆ ಏರಿತು. ಪಕ್ಷೇತರರಿಗೆ ಹತ್ತು ಮಂದಿ ಸೂಚಕರು ಬೇಕಾಯಿತು. ಆ ದಾರಿಯೂ ಬಡವನಿಗೆ ಮುಚ್ಚಿದಂತಾಯಿತು.

ಅಷ್ಟರಲ್ಲಿ ಮತಯಂತ್ರ ಬಂತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, ಹೀಗೆ ನಮ್ಮ ನಾಡಿನ ಊರೂ ನಾವಿರುವ ಊರೂ ಸೇರಿ ತಯಾರಿಸಿದ ಯಂತ್ರವಿದು. ೨೦೦೪ರ ಲೋಕಸಭಾ ಚುನಾವಣೆ ಎಲ್ಲ ಕ್ಷೇತ್ರಗಳಲ್ಲೂ ಯಂತ್ರದಿಂದಲೇ ನಡೆಯಿತು. ಯಂತ್ರದಲ್ಲಿ ಖಾಲಿ ಚೀಟಿ ಹಾಕುವಂತಿಲ್ಲ. ಗುಂಡಿಯೊತ್ತದಿದ್ದರೆ ಸದ್ದು ಬಾರದೆ ಗುಟ್ಟು ರಟ್ಟಾಗುತ್ತದೆ. ೪೯-ಓ ಎಂಬ ನಿಯಮವೇನೋ ಇತ್ತು. ಆದರೆ ಅದರಂತೆ ಮತಗಟ್ಟೆಯ ಅಧಿಕಾರಿಗೆ "ನಾನು ಮತ ಹಾಕುವುದಿಲ್ಲ" ಎಂದು ತಿಳಿಸಿ, ಅವರು ರಿಜಿಸ್ಟರಿನಲ್ಲಿ ಷರಾ ಬರೆದ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಬೇಕಿತ್ತು. ಪಕ್ಷಗಳ ಏಜೆಂಟರು ಎದುರಿಗೇ ಕುಳಿತಿರುವಾಗ ಹಳ್ಳಿಯ ಕೂಲಿಯವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಈ ಅನ್ಯಾಯವನ್ನು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯು ೨೦೦೪ರಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟಿತು. ೨೦೧೩ರ ಸೆಪ್ಟೆಂಬರ್ ೨೭ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ತೀರ್ಪಿತ್ತಿತು: ಮತ ಹಾಕುವವನಿಗಿರುವ ಗೌಪ್ಯ, ಹಾಕಲೊಲ್ಲದವನಿಗೂ ಇರಬೇಕು, ಯಂತ್ರದಲ್ಲಿ ಅದಕ್ಕೊಂದು ಗುಂಡಿ ಇರಬೇಕು. ಆ ವರ್ಷದ ಕೊನೆಯಲ್ಲಿ ದೆಹಲಿ, ರಾಜಸ್ಥಾನ ಮೊದಲಾದ ಐದು ವಿಧಾನಸಭೆಗಳ ಚುನಾವಣೆಯಲ್ಲಿ 'ನೋಟಾ' ಕಾಣಿಸಿಕೊಂಡಿತು. ೨೦೧೪ರ ಲೋಕಸಭಾ ಚುನಾವಣೆಯಲ್ಲಿ ಸುಮಾರು ೬೦ ಲಕ್ಷ, ೨೦೧೯ರಲ್ಲಿ ಸುಮಾರು ೬೫ ಲಕ್ಷ, ೨೦೨೪ರಲ್ಲಿ ಸುಮಾರು ೬೩ ಲಕ್ಷ ಮತದಾರರು ಅದನ್ನು ಒತ್ತಿದರು. ನೂರಕ್ಕೆ ಒಬ್ಬರೆಂದಾಯಿತು.

ಆದರೆ ಈ ಗುಂಡಿಯ ಶಕ್ತಿ ಎಷ್ಟೆಂಬುದನ್ನೂ ತಿಳಿದಿರಬೇಕು. ಲೋಕಸಭೆಗೆ ನೋಟಾ ಎಲ್ಲರಿಗಿಂತ ಹೆಚ್ಚು ಮತ ಪಡೆದರೂ, ನಿಂತವರಲ್ಲಿ ಹೆಚ್ಚು ಮತ ಬಂದವನೇ ಗೆದ್ದಂತೆ. ಠೇವಣಿಯ ಲೆಕ್ಕಕ್ಕೂ ಅದು ಸೇರದು. ೨೦೨೪ರಲ್ಲಿ ಇಂದೂರಿನ ಪ್ರಮುಖ ಎದುರಾಳಿ ನಾಮಪತ್ರವನ್ನು ಹಿಂತೆಗೆದುಕೊಂಡಾಗ ೨,೧೮,೬೭೪ ಜನ ನೋಟಾ ಒತ್ತಿದರು. ಅದು ಎರಡನೆಯ ಸ್ಥಾನ ಪಡೆಯಿತು. ಗೆದ್ದವರು ಹತ್ತು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಅದೇ ಚುನಾವಣೆಯಲ್ಲಿ ಸೂರತ್ತಿನಲ್ಲಿ ಕಣದಲ್ಲಿ ಒಬ್ಬರೇ ಉಳಿದುದರಿಂದ ಮತದಾನವೇ ನಡೆಯಲಿಲ್ಲ. ಬೇಡವೆನ್ನುವುದಕ್ಕೂ ಅಲ್ಲಿನವರಿಗೆ ಅವಕಾಶವಾಗಲಿಲ್ಲ.

ಇದರಿಂದ ಕಲಿಯುವ ಪಾಠವೇನು? ಉಮೇದುವಾರನ ಆಯ್ಕೆ ಮತದಾನದ ದಿನ ಆಗುವುದಲ್ಲ. ತಿಂಗಳುಗಳ ಮುಂಚೆ, ಪಕ್ಷಗಳ ಮುಚ್ಚಿದ ಬಾಗಿಲೊಳಗೆ ಆಗುತ್ತದೆ. ಆ ಬಾಗಿಲು ತಟ್ಟುವ ಕೆಲಸವನ್ನು ಗುಂಡಿ ಮಾಡಲಾರದು, ನಾವು ಮಾಡಬೇಕು. ನಾವೋ ವಲಸೆ ಬಂದವರು. ಎಷ್ಟೋ ಮನೆಗಳವರ ಹೆಸರು ಇಂದಿಗೂ ಊರಿನ ಪಟ್ಟಿಯಲ್ಲಿದೆ. ಅಲ್ಲಿಗೆ ಹೋಗುವುದಾಗದು, ಇಲ್ಲಿ ಹೆಸರಿಲ್ಲ. ಪಟ್ಟಿಯಲ್ಲೇ ಇಲ್ಲದವರ ಒಪ್ಪಿಗೆಯನ್ನು ಯಾವ ಪಕ್ಷ ಕೇಳೀತು? ವಾಸ ಬದಲಾದವರು ನಮೂನೆ ೮ನ್ನು ತುಂಬಿ ಕೊಟ್ಟರೆ ಹೆಸರು ಇಲ್ಲಿಗೆ ಬರುತ್ತದೆ. ಸಂಘದ ಭಾನುವಾರದ ಸಭೆಗಳಲ್ಲಿ ಈ ಕೆಲಸವನ್ನು ನಾವೇ ಕೈಗೊಳ್ಳಬಾರದೇಕೆ?

ಒಪ್ಪಿಗೆಯಾದವರಿದ್ದರೆ ಅವರಿಗೆ ಹಾಕೋಣ. ಇಲ್ಲದಿದ್ದರೆ ಇಲ್ಲವೆಂದೇ ಬರೆಸೋಣ. ಯಾವ ಗುಂಡಿ ಒತ್ತಿದರೂ ಎಡಗೈಯ ತೋರುಬೆರಳಿಗೆ ಹತ್ತುವುದು ಮೈಸೂರಿನ ಅದೇ ಶಾಯಿ. ಮುಂದಿನ ಚುನಾವಣೆಯ ಮರುದಿನ ಆ ಕಪ್ಪು ಗುರುತು ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯರ ಬೆರಳಿನ ಮೇಲೂ ಕಾಣುವಂತಾಗಲಿ.